ನಕ್ಷತ್ರದ ಲೆಕ್ಕ ಹಾಕುವ ಸೂಪರ್ ಕಂಪ್ಯೂಟರ್‌ನಿಂದ ಕೊಡಗಿಗೆ ಏನು ಲಾಭ?

ಮಕ್ಕಂದೂರು_ಪ್ಲಾಂಟರ್ · ಶನಿವಾರ ರಾತ್ರಿ

ಜಗಳಕ್ಕಲ್ಲ, ತಿಳಿದುಕೊಳ್ಳುವುದಕ್ಕೇ ಕೇಳುತ್ತಿದ್ದೇನೆ. 2024ರ ಸೆಪ್ಟೆಂಬರ್‌ನಲ್ಲಿ ಪುಣೆ, ದೆಹಲಿ, ಕೋಲ್ಕತ್ತದಲ್ಲಿ ಪರಮ್ ರುದ್ರ ಅನ್ನುವ ಮೂರು ಸೂಪರ್ ಕಂಪ್ಯೂಟರ್ ಶುರು ಮಾಡಿದರು. 130 ಕೋಟಿ ಖರ್ಚು. ಪುಣೆಯದ್ದು ಜಿಎಂಆರ್‌ಟಿ ರೇಡಿಯೋ ದೂರದರ್ಶಕಕ್ಕೆ. ಕೋಲ್ಕತ್ತದ್ದು ಎಸ್.ಎನ್. ಬೋಸ್ ಕೇಂದ್ರದಲ್ಲಿ, ಭೌತಶಾಸ್ತ್ರದವರಿಗೆ. ಮಗಳು ಎಂಎಸ್ಸಿ ಫಿಸಿಕ್ಸ್ ಓದುತ್ತಿದ್ದಾಳೆ, ಅವಳಿಗೆ ಇದೆಲ್ಲ ಹಬ್ಬ.

ನನ್ನ ಪ್ರಶ್ನೆ ಒಂದೇ. 2018ರ ಆಗಸ್ಟ್‌ನಲ್ಲಿ ನಮ್ಮ ಕಡೆ ಬರೆ (ಗುಡ್ಡದ ಮಣ್ಣು) ಜರಿದು ಮನೆ, ತೋಟ ಹೊಳೆ ಸೇರಿದಾಗ ಯಾವ ಕಂಪ್ಯೂಟರೂ ಮೊದಲೇ ಹೇಳಲಿಲ್ಲ. ಹಾಗಿರುವಾಗ ನಕ್ಷತ್ರದ ಲೆಕ್ಕಕ್ಕೆ ಇಷ್ಟು ದುಡ್ಡು ಸುರಿದರೆ ನಮ್ಮಂಥವರಿಗೆ ಏನು ಸಿಗುತ್ತದೆ? "ಜ್ಞಾನ ಬೆಳೆಯುತ್ತದೆ" ಅನ್ನುವ ಉತ್ತರ ಬೇಡ. ಖಗೋಳ ಸಂಶೋಧನೆಯಿಂದ ವೈ-ಫೈ ಬಂತು ಅನ್ನುವ ಕಥೆಯೂ ಬೇಡ, ಅದನ್ನು ಮಗಳು ಹೇಳಿ ಮುಗಿಸಿದ್ದಾಳೆ.

ಗೋಣಿಕೊಪ್ಪ_ಗಿರಾಕಿ · ಶನಿವಾರ ರಾತ್ರಿ

ನಾಳೆ ಕಾಡಾನೆ ಯಾರ ತೋಟಕ್ಕೆ ನುಗ್ಗುತ್ತದೆ ಅಂತ ಹೇಳುವ ಕಂಪ್ಯೂಟರ್ ಬಂದರೆ ನಾನೇ ಚಂದಾ ಎತ್ತಿ ಕೊಡುತ್ತೇನೆ. ನೀವು ಮುಂದುವರಿಸಿ.

ವಿರಾಜಪೇಟೆ_ಮೇಷ್ಟ್ರು · ಶನಿವಾರ ರಾತ್ರಿ

ವೈ-ಫೈ ಕಥೆ ಬೇಡ ಅಂದಿರಿ, ಬಿಟ್ಟೆ. ಆದರೆ "ಜ್ಞಾನ ಬೇಡ" ಅನ್ನುವ ಮಾತು ಒಪ್ಪುವುದಿಲ್ಲ. 2019ರ ಡಿಸೆಂಬರ್ 26ರಂದು ಕಂಕಣ ಗ್ರಹಣ ನೋಡಲು ಕುಟ್ಟದ ಕಡೆ ಎಷ್ಟು ಜನ ಹೋಗಿದ್ದರು, ನೆನಪಿದೆಯಲ್ಲ? ಅವತ್ತು ಯಾರೂ ಲಾಭ ಕೇಳಲಿಲ್ಲ.

ಪುಣೆಯ ಯಂತ್ರ ಏನು ಮಾಡುತ್ತದೆ ಅಂತ ಹೇಳಿಬಿಡುತ್ತೇನೆ. ಜಿಎಂಆರ್‌ಟಿ ಇರುವುದು ನಾರಾಯಣಗಾಂವ್ ಹತ್ತಿರ. 45 ಮೀಟರ್ ಅಗಲದ 30 ತಟ್ಟೆಗಳು. ಈ ಯಂತ್ರದ ಒಂದು ಕೆಲಸ ಫಾಸ್ಟ್ ರೇಡಿಯೋ ಬರ್ಸ್ಟ್ ಹುಡುಕುವುದು. ಬೇರೆ ಗ್ಯಾಲಕ್ಸಿಗಳಿಂದ ಬರುವ, ಕೆಲವೇ ಮಿಲಿಸೆಕೆಂಡ್ ಇರುವ ರೇಡಿಯೋ ಮಿಂಚು ಅದು. ಮೊದಲನೆಯದು ಸುದ್ದಿಯಾದದ್ದು 2007ರಲ್ಲಿ. ಬರುವ ದಾರಿಯಲ್ಲಿ ಎಲೆಕ್ಟ್ರಾನ್‌ಗಳ ನಡುವೆ ಹಾದು ಬರುವುದರಿಂದ ಕಡಿಮೆ ಆವರ್ತನದ ಅಲೆ ತಡವಾಗಿ ತಲುಪುತ್ತದೆ. ಎಷ್ಟು ತಡ ಅಂತ ಮೊದಲೇ ಗೊತ್ತಿರುವುದಿಲ್ಲ. ಹಾಗಾಗಿ ಸಾವಿರಾರು ಬೇರೆ ಬೇರೆ ತಡವನ್ನು ಊಹಿಸಿ, ಒಂದೊಂದಕ್ಕೂ ಲೆಕ್ಕ ಹಾಕಿ ನೋಡಬೇಕು. ಅದೂ ಡೇಟಾ ಹರಿದು ಬರುತ್ತಿರುವಾಗಲೇ. ಎಲ್ಲವನ್ನೂ ಕೂಡಿಟ್ಟು ನಾಳೆ ನೋಡೋಣ ಅಂದರೆ ಇಡುವುದಕ್ಕೆ ಜಾಗ ಸಾಲುವುದಿಲ್ಲ.

ಇದು ನಕ್ಷತ್ರ ಎಣಿಸುವ ಕೆಲಸ ಅಲ್ಲ ಪ್ಲಾಂಟರ್ ಅವರೇ. ಗದ್ದಲದ ನಡುವೆ ಸಣ್ಣ ಗುರುತನ್ನು ಆ ಕ್ಷಣದಲ್ಲೇ ಹಿಡಿಯುವ ಕೆಲಸ.

ಸೋಮವಾರಪೇಟೆ_ಸಿಸ್ಟಂ · ಭಾನುವಾರ ಬೆಳಿಗ್ಗೆ

ಪ್ಲಾಂಟರ್ ಅಣ್ಣ, ನೀವು ಬರೆ ಜರಿತ ಎತ್ತಿದ್ದು ಒಳ್ಳೆಯದೇ ಆಯಿತು. ಅಲ್ಲಿಂದಲೇ ಶುರು ಮಾಡುತ್ತೇನೆ. ನಾನು ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಕ್ಲಸ್ಟರ್ (ಒಟ್ಟಿಗೆ ಜೋಡಿಸಿದ ಕಂಪ್ಯೂಟರ್‌ಗಳ ಗುಂಪು) ನೋಡಿಕೊಳ್ಳುತ್ತೇನೆ. ವಿಜ್ಞಾನಿ ಅಲ್ಲ, ವಿಜ್ಞಾನಿಗಳು ಕೊಟ್ಟ ಜಾಬ್ (ಲೆಕ್ಕದ ಕೆಲಸ) ಕ್ಯೂನಲ್ಲಿ ಸಿಕ್ಕಿಕೊಂಡರೆ ಬಿಡಿಸುವವನು.

1977ರಲ್ಲಿ ಲಿಯಾನ್ ಲೂಸಿ ಅನ್ನುವ ಖಗೋಳ ವಿಜ್ಞಾನಿಗೆ ಒಂದು ಪ್ರಶ್ನೆ ಇತ್ತು. ಜೋರಾಗಿ ತಿರುಗುವ ಎಳೆಯ ನಕ್ಷತ್ರ ಎರಡಾಗಿ ಒಡೆದು ಜೋಡಿ ನಕ್ಷತ್ರ ಆಗುತ್ತದಾ? ಅದೇ ವರ್ಷ ಗಿಂಗೋಲ್ಡ್ ಮತ್ತು ಮೊನಹನ್ ಅನ್ನುವ ಇಬ್ಬರೂ ಬೇರೆಯಾಗಿ ನಕ್ಷತ್ರದ ಲೆಕ್ಕಕ್ಕೆ ಕೂತಿದ್ದರು. ಅನಿಲ, ದ್ರವದ ಲೆಕ್ಕಕ್ಕೆ ಸಾಮಾನ್ಯವಾಗಿ ಜಾಗವನ್ನು ಚೌಕ ಚೌಕ ಮಾಡಿ, ಪ್ರತಿ ಚೌಕದಲ್ಲಿ ಏನಾಗುತ್ತದೆ ಅಂತ ನೋಡುತ್ತಾರೆ. ನಕ್ಷತ್ರಕ್ಕೆ ಅದು ಸರಿ ಹೊಂದುವುದಿಲ್ಲ. ನಕ್ಷತ್ರಕ್ಕೆ ಪಾತ್ರೆ ಇಲ್ಲ, ಗೋಡೆ ಇಲ್ಲ. ಸುತ್ತ ಬರೀ ಖಾಲಿ. ಖಾಲಿ ಚೌಕಗಳ ಲೆಕ್ಕ ಹಾಕಿಕೊಂಡೇ ಯಂತ್ರದ ಹೊತ್ತು ಹೋಗುತ್ತದೆ.

ಇವರು ಚೌಕವನ್ನೇ ಕೈಬಿಟ್ಟರು. ನಕ್ಷತ್ರವನ್ನು ಸಾವಿರಾರು ಕಣ ಅಂತ ಇಟ್ಟುಕೊಂಡರು. ಪ್ರತಿ ಕಣ ತನ್ನ ಅಕ್ಕಪಕ್ಕದ ಕಣಗಳನ್ನು ಮಾತ್ರ ನೋಡುತ್ತದೆ. ಹುತ್ತರಿ ಕೋಲಾಟದಲ್ಲಿ ಒಬ್ಬೊಬ್ಬರೂ ಪಕ್ಕದವರನ್ನು ನೋಡಿ ಹೆಜ್ಜೆ ಹಾಕಿದರೆ ಇಡೀ ಸುತ್ತು ತಾನಾಗಿ ತಿರುಗುತ್ತದಲ್ಲ, ಹಾಗೆ. ಪಕ್ಕದವರು ತುಂಬ ಹತ್ತಿರ ಬಂದರೆ ಒತ್ತಡ ಜಾಸ್ತಿ, ಕಣ ಹಿಂದೆ ಸರಿಯುತ್ತದೆ. ದೂರ ಹೋದರೆ ಒತ್ತಡ ಕಡಿಮೆ. ಇದಕ್ಕೆ ಎಸ್‌ಪಿಎಚ್ ಅಂತ ಹೆಸರು.

ನಿಮಗೆ ಸಂಬಂಧಪಟ್ಟ ಭಾಗ ಈಗ ಬರುತ್ತದೆ. ಅದೇ ಮೊನಹನ್ 1994ರಲ್ಲಿ ಈ ವಿಧಾನವನ್ನು ನೀರಿಗೆ ಹಚ್ಚಿದರು. ಅಣೆಕಟ್ಟು ಒಡೆದರೆ ನೀರು ಹೇಗೆ ನುಗ್ಗುತ್ತದೆ, ಅಲೆ ದಡಕ್ಕೆ ಹೇಗೆ ಬಡಿಯುತ್ತದೆ, ಇಂಥದ್ದು. ಚೆಲ್ಲಾಡುವ ನೀರಿಗೂ ನಕ್ಷತ್ರದ ಹಾಗೆ ಗಟ್ಟಿ ಅಂಚಿಲ್ಲ. ಆಮೇಲೆ ಬೇರೆಯವರು ಕೆಸರಿಗೆ, ಕಲ್ಲುಮಣ್ಣು ಬೆರೆತ ಹರಿವಿಗೆ ಹಚ್ಚಿದರು. ಜರಿದ ಬೆಟ್ಟದ ಮಣ್ಣು ಎಷ್ಟು ದೂರ ಹೋಗುತ್ತದೆ, ಎಷ್ಟು ವೇಗ, ಯಾವ ತೋಡಿನಲ್ಲಿ ತಿರುಗುತ್ತದೆ ಅಂತ ಈಗ ಎಸ್‌ಪಿಎಚ್‌ನಲ್ಲಿ ಲೆಕ್ಕ ಹಾಕುತ್ತಾರೆ. ಡ್ಯುಯಲ್‌ಎಸ್‌ಪಿಎಚ್‌ಸಿಕ್ಸ್ ಅನ್ನುವ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಗೇಮ್ ಆಡುವ ಹುಡುಗರ ಗ್ರಾಫಿಕ್ಸ್ ಕಾರ್ಡ್ ಮೇಲೂ ಓಡುತ್ತದೆ.

ಎಷ್ಟು ದೂರ ಹೋಗುತ್ತದೆ ಅನ್ನುವುದು ಯಾಕೆ ಮುಖ್ಯ ಅಂದರೆ, 2024ರ ಜುಲೈ 30ರ ವಯನಾಡು ನೋಡಿ. ಇಸ್ರೋದ ಉಪಗ್ರಹ ಚಿತ್ರದ ಲೆಕ್ಕದಲ್ಲಿ ಮಣ್ಣುಕಲ್ಲು ಸುಮಾರು 8 ಕಿ.ಮೀ. ಹರಿದಿತ್ತು. ಸತ್ತವರಲ್ಲಿ ಹೆಚ್ಚಿನವರು ಬೆಟ್ಟ ಒಡೆದ ಜಾಗದಲ್ಲಿ ಇದ್ದವರಲ್ಲ. ಕೆಳಗೆ ಮುಂಡಕ್ಕೈ, ಚೂರಲ್‌ಮಲೆಯ ಹೊಳೆ ಬದಿಯವರು. "ನಮ್ಮ ಮನೆ ಹಿಂದೆ ಬರೆ ಇಲ್ಲ, ನಾವು ಸೇಫ್" ಅನ್ನುವ ಮಾತು ನಮ್ಮಲ್ಲೂ ಕೇಳುತ್ತೇವಲ್ಲ?

ಒಂದು ಮಾತು ಖಂಡಿತ ಹೇಳಬೇಕು. ಇದು ಎಲ್ಲಿಯವರೆಗೆ ಹರಿಯುತ್ತದೆ ಅಂತ ಹೇಳುತ್ತದೆ, ಯಾವತ್ತು ಜರಿಯುತ್ತದೆ ಅಂತ ಹೇಳುವುದಿಲ್ಲ. ಅದಕ್ಕೆ ಮಳೆ ಮತ್ತು ಮಣ್ಣಿನ ವಿವರ ಬೇಕು.

ಮಕ್ಕಂದೂರು_ಪ್ಲಾಂಟರ್ · ಭಾನುವಾರ ಮಧ್ಯಾಹ್ನ

ಚೆನ್ನಾಗಿ ಬರೆದಿದ್ದೀರಿ. ಆದರೆ ಇದು ನನ್ನ ಪ್ರಶ್ನೆಯನ್ನೇ ಗಟ್ಟಿ ಮಾಡಿತು. ನಕ್ಷತ್ರದಿಂದ ನೀರಿಗೆ ಬರಲು 17 ವರ್ಷ. ಆ ದುಡ್ಡನ್ನು ಸೀದಾ ಬರೆ ಜರಿತದ ಸಂಶೋಧನೆಗೇ ಕೊಟ್ಟಿದ್ದರೆ ಮೊದಲೇ ಬರುತ್ತಿರಲಿಲ್ಲವಾ? ಸುತ್ತು ಬಳಸಿ ಯಾಕೆ ಹೋಗಬೇಕು?

ಸೋಮವಾರಪೇಟೆ_ಸಿಸ್ಟಂ · ಭಾನುವಾರ ಮಧ್ಯಾಹ್ನ

ಸೀದಾ ಕೊಡಬೇಕು, ಅದರಲ್ಲಿ ಎರಡು ಮಾತಿಲ್ಲ. ಕೊಟ್ಟೂ ಇದ್ದಾರೆ. ರುದ್ರ ಶುರುವಾದ ದಿನವೇ ಅರ್ಕ, ಅರುಣಿಕ ಅನ್ನುವ ಇನ್ನೆರಡು ಯಂತ್ರಗಳೂ ಶುರುವಾದವು. ಒಂದು ಪುಣೆಯಲ್ಲಿ, ಇನ್ನೊಂದು ನೋಯ್ಡಾದಲ್ಲಿ. ಎರಡೂ ಹವಾಮಾನಕ್ಕೆ. ಖರ್ಚು 850 ಕೋಟಿ. ಅಂದರೆ ನಿಮ್ಮ ಸಿಟ್ಟಿಗೆ ಕಾರಣವಾದ 130 ಕೋಟಿಯ ಆರು ಪಟ್ಟಿಗಿಂತ ಜಾಸ್ತಿ.

ಆದರೆ 1977ರಲ್ಲಿ ಮಣ್ಣಿನ ಎಂಜಿನಿಯರ್‌ಗೆ ಎಸ್‌ಪಿಎಚ್ ಹೊಳೆಯಬೇಕಾದ ಕಾರಣವೇ ಇರಲಿಲ್ಲ. ಅವರಿಗೆ ಚೌಕದ ಲೆಕ್ಕ ಹೇಗೋ ನಡೆಯುತ್ತಿತ್ತು. ನಕ್ಷತ್ರದವರಿಗೆ ಬೇರೆ ದಾರಿ ಇರಲಿಲ್ಲ. ಭೌತಶಾಸ್ತ್ರದವರ ಪ್ರಶ್ನೆಗಳು ಯಾವಾಗಲೂ ಇರುವ ಯಂತ್ರಕ್ಕಿಂತ ದೊಡ್ಡವು. ಹಾಗಾಗಿ ಹೊಸ ವಿಧಾನ, ಕೆಲವು ಸಲ ಹೊಸ ಯಂತ್ರವನ್ನೇ ಅವರು ಮಾಡಬೇಕಾಗುತ್ತದೆ. ಪ್ರೋಟಾನ್ ಒಳಗೆ ಕ್ವಾರ್ಕ್‌ಗಳು ಹೇಗೆ ಅಂಟಿಕೊಂಡಿವೆ ಅನ್ನುವ ಲೆಕ್ಕಕ್ಕೆ ಕೊಲಂಬಿಯಾ, ಎಡಿನ್‌ಬರೋ ವಿಶ್ವವಿದ್ಯಾಲಯದವರು ಐಬಿಎಂ ಜೊತೆ ಸೇರಿ ಕ್ಯೂಸಿಡಿಒಸಿ ಅನ್ನುವ ಯಂತ್ರ ಕಟ್ಟಿದರು. ಆ ಅನುಭವವೇ ಐಬಿಎಂನ ಬ್ಲೂ ಜೀನ್ ಯಂತ್ರಗಳಿಗೆ ದಾರಿ ಮಾಡಿತು. 2004ರ ನವೆಂಬರ್‌ನಲ್ಲಿ ಬ್ಲೂ ಜೀನ್ ಜಗತ್ತಿನ ಮೊದಲ ಸ್ಥಾನಕ್ಕೆ ಬಂತು. ಆಮೇಲೆ ಅದನ್ನು ಬೇರೆ ಬೇರೆ ವಿಷಯದವರೂ ಬಳಸಿದರು.

ವಿರಾಜಪೇಟೆ_ಮೇಷ್ಟ್ರು · ಭಾನುವಾರ ಮಧ್ಯಾಹ್ನ

ಇನ್ನೊಂದು ಸೇರಿಸುತ್ತೇನೆ. ನಮ್ಮ ಜಿಲ್ಲೆಯಿಂದ ಎಷ್ಟೋ ಜನ ರೇಡಿಯೇಷನ್ ಚಿಕಿತ್ಸೆಗೆ ಮೈಸೂರು, ಮಂಗಳೂರಿಗೆ ಹೋಗುತ್ತಾರೆ. ಕಿರಣ ದೇಹದೊಳಗೆ ಎಲ್ಲಿ ಎಷ್ಟು ಶಕ್ತಿ ಬಿಡುತ್ತದೆ ಅಂತ ಅತಿ ನಿಖರವಾಗಿ ಹೇಳುವ ಲೆಕ್ಕಕ್ಕೆ ಮಾಂಟೆ ಕಾರ್ಲೊ ಅಂತ ಹೆಸರು. ಹುಟ್ಟಿದ್ದು 1940ರ ದಶಕದಲ್ಲಿ, ಲಾಸ್ ಅಲಮೋಸ್‌ನಲ್ಲಿ, ಬಾಂಬ್ ಮಾಡುತ್ತಿದ್ದ ಭೌತವಿಜ್ಞಾನಿಗಳ ನಡುವೆ. ಕಣ ಭೌತಶಾಸ್ತ್ರಕ್ಕೆಂದು ಯುರೋಪಿನ ಸಂಶೋಧನಾ ಕೇಂದ್ರ ಸರ್ನ್‌ನವರು ಬೆಳೆಸಿದ ಜಿಯಾಂಟ್4 ಅನ್ನುವ ಪ್ರೋಗ್ರಾಮನ್ನು ಇವತ್ತು ವೈದ್ಯಕೀಯ ಭೌತಶಾಸ್ತ್ರದವರು ದಿನಾ ಬಳಸುತ್ತಾರೆ. ಹುಟ್ಟು ನೋಡಿದರೆ ಬೇಜಾರಾಗುತ್ತದೆ, ಬಳಕೆ ನೋಡಿದರೆ ಸಮಾಧಾನ.

ಭಾಗಮಂಡಲ_ಮಳೆ · ಭಾನುವಾರ ಸಂಜೆ

ಕರೆಂಟ್ ಈಗ ಬಂತು, ಈಗ ಓದಿದೆ. 850 ಕೋಟಿ ಹವಾಮಾನಕ್ಕೆ ಅಂದಿರಲ್ಲ, ಸಂತೋಷ. ಆದರೆ ಇಲ್ಲಿ ಕೂತವರಿಗೆ ಏನು ಕಾಣುತ್ತದೆ? "ಕೊಡಗು ಜಿಲ್ಲೆ, ಆರೆಂಜ್ ಅಲರ್ಟ್." ಇಡೀ ಜಿಲ್ಲೆಗೆ ಒಂದೇ ಬಣ್ಣ. ಭಾಗಮಂಡಲದಲ್ಲಿ ಕೊಡೆ ಬಿಚ್ಚಿದರೆ ಮಗುಚಿ ಹೋಗುವಷ್ಟು ಗಾಳಿ ಮಳೆ. ಅದೇ ಹೊತ್ತಿಗೆ ಕುಶಾಲನಗರದಲ್ಲಿ ಬಟ್ಟೆ ಒಣಗಿಸುತ್ತಾ ಇರುತ್ತಾರೆ. ಅಲ್ಲಿನ ಮಕ್ಕಳಿಗೂ ರಜೆ! ಮಕ್ಕಳೇನೋ ಖುಷಿಯಾಗಿದ್ದಾರೆ, ಬಿಡಿ.

ಕಾಫಿ ಹೂ ಬಿಡಿಸುವ ಹೂಮಳೆ ವಿಷಯದಲ್ಲಿ ಇನ್ನೂ ಕಷ್ಟ. ಫೆಬ್ರವರಿ, ಮಾರ್ಚ್‌ನಲ್ಲಿ ಸ್ಪ್ರಿಂಕ್ಲರ್ ಹಾಕಬೇಕಾ, ಎರಡು ದಿನ ಕಾಯಬೇಕಾ ಅನ್ನುವುದು ರೋಬಸ್ಟಾ ಕಾಫಿಯವರಿಗೆ ಲಕ್ಷದ ಪ್ರಶ್ನೆ. ಒಣಗಿಸುವ ಕಣದಲ್ಲಿ ಕಾಫಿ ಹರಡಿದಾಗ ಬರುವ ಅಕಾಲ ಮಳೆಯದ್ದೂ ಇದೇ ಕಥೆ.

ಸೋಮವಾರಪೇಟೆ_ಸಿಸ್ಟಂ · ಭಾನುವಾರ ರಾತ್ರಿ

ಅಕ್ಕ, ಇದರ ಲೆಕ್ಕ ಬಲು ಮಜವಾಗಿದೆ. ಬರೆಯುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಹವಾಮಾನದ ಮಾದರಿ ಭೂಮಿಯನ್ನು ಚೌಕ ಮಾಡಿಯೇ ಲೆಕ್ಕ ಹಾಕುವುದು. ಮೊದಲು ನಮ್ಮ ದೇಶದ ಜಾಗತಿಕ ಮಾದರಿಯಲ್ಲಿ ಚೌಕದ ಬದಿ 12 ಕಿ.ಮೀ. ಇತ್ತು. ಕೊಡಗಿನ ವಿಸ್ತೀರ್ಣ 4,102 ಚದರ ಕಿ.ಮೀ. ಭಾಗಿಸಿ ನೋಡಿ, ಇಡೀ ಜಿಲ್ಲೆಗೆ 28 ಚೌಕ. ಬ್ರಹ್ಮಗಿರಿಯ ಏರು, ಅದರ ಹಿಂದಿನ ಇಳಿಜಾರು ಎರಡೂ ಒಂದೇ ಚೌಕದಲ್ಲಿ ಕೂತರೆ ಬೆಟ್ಟವೇ ಸಪಾಟಾಗಿ ಬಿಡುತ್ತದೆ. ಬೆಟ್ಟ ಸಪಾಟಾದರೆ ಮಳೆಯ ಲೆಕ್ಕವೂ ಸಪಾಟು. ಘಟ್ಟದ ಮಳೆ ಬರುವುದೇ ಕಡಲ ಗಾಳಿ ಬೆಟ್ಟ ಹತ್ತುವುದರಿಂದ ಅಲ್ವಾ? 2025ರ ಮೇ ತಿಂಗಳಲ್ಲಿ ಭಾರತ್ ಫೋರ್‌ಕಾಸ್ಟ್ ಸಿಸ್ಟಂ ಅನ್ನುವ ಹೊಸ ಮಾದರಿ ಬಂತು. ಅದು 6 ಕಿ.ಮೀ. ಚೌಕದ್ದು. ಪುಣೆಯ ಹವಾಮಾನ ಸಂಸ್ಥೆ ಐಐಟಿಎಂನವರು ಮಾಡಿದ್ದು, ಓಡುವುದು ಅರ್ಕದ ಮೇಲೆ. ಈಗ ನಮ್ಮ ಜಿಲ್ಲೆಗೆ ಸುಮಾರು 114 ಚೌಕ.

ಚೌಕದ ಬದಿ ಅರ್ಧ ಮಾಡಿದರೆ ಕೆಲಸ ದುಪ್ಪಟ್ಟು ಅಂತ ಅಂದುಕೊಳ್ಳಬೇಡಿ. ಉದ್ದಕ್ಕೆ ಎರಡು, ಅಗಲಕ್ಕೆ ಎರಡು, ಅಲ್ಲಿಗೇ ನಾಲ್ಕು ಪಟ್ಟು. ಚೌಕ ಚಿಕ್ಕದಾದರೆ ಕಾಲದ ಹೆಜ್ಜೆಯನ್ನೂ ಅರ್ಧ ಮಾಡಬೇಕು, ಇಲ್ಲದಿದ್ದರೆ ಗಾಳಿ ಒಂದೇ ಹೆಜ್ಜೆಗೆ ಚೌಕ ದಾಟಿ ಹೋಗಿ ಲೆಕ್ಕ ಕೆಡುತ್ತದೆ. ಒಟ್ಟು ಎಂಟು ಪಟ್ಟು. 1 ಕಿ.ಮೀ. ಚೌಕ ಬೇಕು ಅಂದರೆ 6ರಿಂದ ಇನ್ನೂ 200 ಪಟ್ಟು ಮೇಲೆ. ನಿಮಗೆ ಭಾಗಮಂಡಲಕ್ಕೆ ಬೇರೆ, ನಾಪೋಕ್ಲುವಿಗೆ ಬೇರೆ ಮುನ್ಸೂಚನೆ ಬೇಕಾದರೆ ಇಂಥ ಯಂತ್ರ ಬೇಕೇ ಬೇಕು.

ಭೌತಶಾಸ್ತ್ರಕ್ಕೂ ಇದಕ್ಕೂ ಏನು ಸಂಬಂಧ? ಗಾಳಿಯ ಸಮೀಕರಣ, ನಕ್ಷತ್ರದ ಅನಿಲದ ಸಮೀಕರಣ ಎರಡೂ ಒಂದೇ ಕುಲ. ಲಕ್ಷ ಪ್ರೊಸೆಸರ್‌ಗಳಿಗೆ ಕೆಲಸ ಹಂಚುವುದು, ಒಬ್ಬರಿಗೊಬ್ಬರು ಕಾಯದ ಹಾಗೆ ನೋಡಿಕೊಳ್ಳುವುದು, ಇದೂ ಒಂದೇ. ಈ ವಿದ್ಯೆ ಕಲಿತವರು ಎರಡೂ ಕಡೆ ಓಡಾಡುತ್ತಾರೆ. ಕೋವಿಡ್ ಸಮಯದಲ್ಲಿ ಇಂಗ್ಲೆಂಡಿನ ಡರಮ್ ವಿಶ್ವವಿದ್ಯಾಲಯದಲ್ಲಿ ವಿಶ್ವರಚನೆ ಮತ್ತು ಕಣ ಭೌತಶಾಸ್ತ್ರದವರು ಸೇರಿ ಜೂನ್ ಅನ್ನುವ ಮಾದರಿ ಕಟ್ಟಿದರು. ಗ್ಯಾಲಕ್ಸಿಗಳ ಕಣಗಳನ್ನು ಒಂದೊಂದಾಗಿ ಹಿಂಬಾಲಿಸಿ ಅಭ್ಯಾಸ ಇದ್ದವರು, ಇಲ್ಲಿ ಇಂಗ್ಲೆಂಡಿನ ಜನರನ್ನೇ ಒಬ್ಬೊಬ್ಬರಾಗಿ ಮನೆ, ಶಾಲೆ, ಕೆಲಸ ಅಂತ ಓಡಾಡಿಸಿ ಸೋಂಕು ಹೇಗೆ ಹರಡುತ್ತದೆ ನೋಡಿದರು. ಹೊಸ ಯಂತ್ರ ಕೊಳ್ಳುವಷ್ಟು ಸಮಯ ಆಗ ಎಲ್ಲಿತ್ತು? ಯಂತ್ರವೂ ಇತ್ತು, ಓಡಿಸಲು ಗೊತ್ತಿರುವ ಜನರೂ ಇದ್ದರು.

ನನ್ನನ್ನು ಕೇಳಿದರೆ ಇದೇ ಎಲ್ಲಕ್ಕಿಂತ ದೊಡ್ಡ ಲಾಭ. ಯಂತ್ರ ಐದಾರು ವರ್ಷಕ್ಕೆ ಹಳೆಯದಾಗುತ್ತದೆ. ಜನ ಉಳಿಯುತ್ತಾರೆ.

ಕುಶಾಲನಗರ_ಎಂಜಿನಿಯರಿಂಗ್ · ಭಾನುವಾರ ರಾತ್ರಿ

ನಮಸ್ತೆ ಎಲ್ಲರಿಗೂ. ನಾನು ಕಂಪ್ಯೂಟರ್ ಸೈನ್ಸ್ ಮೂರನೇ ವರ್ಷ. ಸೋಮವಾರಪೇಟೆ ಸಾರ್, ಈ ವಿದ್ಯೆ ನಮ್ಮಂಥ ಕಾಲೇಜಿನವರಿಗೆ ಎಲ್ಲಿ ಸಿಗುತ್ತದೆ? ಐಐಎಸ್ಸಿಯ ಪರಮ್ ಪ್ರವೇಗ ಬಗ್ಗೆ ಓದಿದ್ದೇನೆ. 2022ರದ್ದು, 3.3 ಪೆಟಾಫ್ಲಾಪ್ಸ್, ಅಂದರೆ ಸೆಕೆಂಡಿಗೆ 3,300 ಲಕ್ಷ ಕೋಟಿ ಲೆಕ್ಕ. ಆದರೆ ಅದರ ಹತ್ತಿರ ಹೋಗಲು ಐಐಎಸ್ಸಿ ಸೀಟೇ ಸಿಗಬೇಕೇನೋ ಅನ್ನಿಸುತ್ತದೆ.

ಸೋಮವಾರಪೇಟೆ_ಸಿಸ್ಟಂ · ಭಾನುವಾರ ರಾತ್ರಿ

ಹಾಗೇನಿಲ್ಲ ತಂಗಿ. 2015ರಲ್ಲಿ ಶುರುವಾದ ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಮಿಷನ್‌ಗೆ ತರಬೇತಿ ಕೇಂದ್ರಗಳಿವೆ. ಖರಗ್‌ಪುರ, ಮದ್ರಾಸ್, ಗೋವಾ, ಪಾಲಕ್ಕಾಡ್ ಐಐಟಿಗಳಲ್ಲಿ. ಪಾಲಕ್ಕಾಡ್ ನಮಗೇನೂ ದೂರ ಅಲ್ಲ.

ಅದಕ್ಕೂ ಮೊದಲು ಕಾಲೇಜಿನಲ್ಲೇ ಮಾಡಬಹುದಾದದ್ದು ಇದೆ. 1994ರಲ್ಲಿ ನಾಸಾದ ಗಾಡರ್ಡ್ ಕೇಂದ್ರದಲ್ಲಿ ಥಾಮಸ್ ಸ್ಟರ್ಲಿಂಗ್, ಡೊನಾಲ್ಡ್ ಬೆಕರ್ ಇಬ್ಬರೂ 16 ಮಾಮೂಲಿ 486 ಕಂಪ್ಯೂಟರ್ ಜೋಡಿಸಿ ಬೇವುಲ್ಫ್ ಅನ್ನುವ ಕ್ಲಸ್ಟರ್ ಮಾಡಿದರು. ಭೂಮಿ, ಬಾಹ್ಯಾಕಾಶ ವಿಜ್ಞಾನದ ಡೇಟಾಗೆ ದುಬಾರಿ ಯಂತ್ರ ಕೊಳ್ಳಲು ಆಗದೆ ಕಂಡುಕೊಂಡ ದಾರಿ ಅದು. ಇವತ್ತಿನ ಬಹುಪಾಲು ಸೂಪರ್ ಕಂಪ್ಯೂಟರ್‌ಗಳು ಅದೇ ದಾರಿಯಲ್ಲಿವೆ. ಮಾಮೂಲಿ ಚಿಪ್, ಲಿನಕ್ಸ್, ನಡುವೆ ವೇಗದ ನೆಟ್‌ವರ್ಕ್. ಲ್ಯಾಬ್‌ನಲ್ಲಿ ಮೂಲೆಗೆ ಬಿದ್ದ ನಾಲ್ಕು ಸಿಪಿಯು, ಒಂದು ಸ್ವಿಚ್ ಕೇಳಿ ನೋಡು. ಎಂಪಿಐ (ಕಂಪ್ಯೂಟರ್‌ಗಳು ಒಂದಕ್ಕೊಂದು ಸಂದೇಶ ಕಳಿಸಿ ಕೆಲಸ ಹಂಚಿಕೊಳ್ಳುವ ವಿಧಾನ) ಕಲಿಯಲು ಅಷ್ಟು ಸಾಕು. ವೇಗ ಏನೂ ಬರುವುದಿಲ್ಲ, ಆದರೆ ಯಾವ ಪ್ರೊಸೆಸರ್ ಯಾರಿಗೆ ಕಾಯುತ್ತಾ ಕೂತಿದೆ ಅಂತ ಗೊತ್ತಾಗುತ್ತದೆ. ಇಂಟರ್‌ವ್ಯೂನಲ್ಲಿ ಇದನ್ನೇ ಕೇಳುತ್ತಾರೆ.

ವಿರಾಜಪೇಟೆ_ಮೇಷ್ಟ್ರು · ಭಾನುವಾರ ರಾತ್ರಿ

ಐನ್‌ಸ್ಟೈನ್ ಅಟ್ ಹೋಮ್ ಕೂಡ ನೋಡಮ್ಮ. ಮನೆಯ ಕಂಪ್ಯೂಟರ್ ಸುಮ್ನೆ ಕೂತಿರುವಾಗ ಪಲ್ಸಾರ್ (ಜೋರಾಗಿ ತಿರುಗುತ್ತಾ ರೇಡಿಯೋ ಮಿಡಿತ ಬಿಡುವ ನಕ್ಷತ್ರ) ಹುಡುಕುವ ಲೆಕ್ಕ ಮಾಡುತ್ತದೆ. 2010ರಲ್ಲಿ ಅಮೆರಿಕ ಮತ್ತು ಜರ್ಮನಿಯ ಮನೆಗಳ ಕಂಪ್ಯೂಟರ್‌ಗಳೇ ಹೀಗೆ ಒಂದು ಹೊಸ ಪಲ್ಸಾರ್ ಹಿಡಿದವು.

ಇಷ್ಟಕ್ಕೂ ನಮ್ಮ ದೇಶಕ್ಕೆ ಈ ವಿದ್ಯೆ ಬಂದದ್ದೇ ಹಟದಿಂದ. 80ರ ದಶಕದಲ್ಲಿ ಅಮೆರಿಕ ತನ್ನ ಕ್ರೇ ಅನ್ನುವ ಸೂಪರ್ ಕಂಪ್ಯೂಟರನ್ನು ಹವಾಮಾನಕ್ಕೆ ಮಾತ್ರ ಕೊಟ್ಟಿತು, ಬೇರೆ ಸಂಶೋಧನೆಗೆ ಕೊಡಲಿಲ್ಲ. ಹಾಗಾಗಿ ನಮ್ಮದೇ ಯಂತ್ರ ಕಟ್ಟಲು 1988ರಲ್ಲಿ ಸಿ-ಡ್ಯಾಕ್ ಅನ್ನುವ ಸರ್ಕಾರಿ ಸಂಸ್ಥೆ ಹುಟ್ಟಿತು. ವಿಜಯ್ ಭಟ್ಕರ್ ಅವರ ತಂಡ 1991ರಲ್ಲಿ ಪರಮ್ 8000 ಮಾಡಿ ತೋರಿಸಿತು. ಇವತ್ತು ಪರಮ್ ಅನ್ನುವ ಹೆಸರು ಬಂದಿರುವುದು ಅಲ್ಲಿಂದ.

ಮಕ್ಕಂದೂರು_ಪ್ಲಾಂಟರ್ · ಸೋಮವಾರ ಬೆಳಿಗ್ಗೆ

ಎಲ್ಲ ಓದಿದೆ. ಹವಾಮಾನದ ಯಂತ್ರಕ್ಕೆ ನನ್ನ ತಕರಾರಿಲ್ಲ. ನಕ್ಷತ್ರದ್ದಕ್ಕೆ ಅರ್ಧ ಒಪ್ಪಿದೆ. ಇನ್ನರ್ಧ ಕರೆಂಟ್. ಅಮೆರಿಕದ ಫ್ರಂಟಿಯರ್ ಯಂತ್ರ 20 ಮೆಗಾವಾಟ್‌ಗಿಂತ ಜಾಸ್ತಿ ಎಳೆಯುತ್ತದೆ ಅಂತ ಮಗಳೇ ತೋರಿಸಿದಳು. ಕಕ್ಕಡ ತಿಂಗಳ ಮಳೆಯಲ್ಲಿ ನಮಗೆ ಒಂದು ಬಲ್ಬ್ ಉರಿಯುವುದು ಕಷ್ಟ. ಜೊತೆಗೆ, ಯಂತ್ರ 6 ಕಿ.ಮೀ.ಗೆ ಹೇಳಲಿ, 1 ಕಿ.ಮೀ.ಗೆ ಹೇಳಲಿ, ಆ ರಾತ್ರಿ ಟವರ್ ಸತ್ತಿದ್ದರೆ ಎಚ್ಚರಿಕೆ ನನಗೆ ತಲುಪುವುದು ಹೇಗೆ?

ಸೋಮವಾರಪೇಟೆ_ಸಿಸ್ಟಂ · ಸೋಮವಾರ ಬೆಳಿಗ್ಗೆ

ಟವರ್ ವಿಷಯಕ್ಕೆ ನನ್ನಲ್ಲಿ ಉತ್ತರ ಇಲ್ಲ ಅಣ್ಣ. ಅದು ಸೂಪರ್ ಕಂಪ್ಯೂಟರ್ ಕೆಲಸ ಅಲ್ಲ, ಡೀಸೆಲ್ ಜನರೇಟರ್ ಕೆಲಸ. ಕರೆಂಟಿನದ್ದು ನಿಜವಾದ ತಕರಾರು. ಫ್ರಂಟಿಯರ್ ನಮ್ಮ ಪ್ರವೇಗದ 300 ಪಟ್ಟಿಗಿಂತ ದೊಡ್ಡದು, ಹಾಗಾಗಿ ಹೋಲಿಸುವುದು ಕಷ್ಟ. ಆದರೂ ಕೆಟ್ಟದಾಗಿ ಬರೆದ ಕೋಡ್ ಎಷ್ಟು ಕರೆಂಟ್ ತಿನ್ನುತ್ತದೆ ಅಂತ ನಾನು ದಿನಾ ನೋಡುತ್ತೇನೆ. ಎಷ್ಟೋ ಜಾಬ್ ಒಂದು ತಪ್ಪು ಇನ್‌ಪುಟ್‌ನಿಂದ ರಾತ್ರಿಯೆಲ್ಲ ಓಡಿ ಬೆಳಿಗ್ಗೆ ಬೀಳುತ್ತವೆ. ಖಗೋಳದವರ ನಡುವೆಯೇ ಈ ಬಗ್ಗೆ ಚರ್ಚೆ ನಡೆಯುತ್ತಿದೆ.

ಬರೆ ಜರಿತದ ಮುನ್ಸೂಚನೆಗೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ ಜಿಎಸ್‌ಐನವರು 2020ರಿಂದ ನೀಲಗಿರಿ, ಡಾರ್ಜಿಲಿಂಗ್‌ನಲ್ಲಿ ಪ್ರಯೋಗ ಮಾಡಿದರು. 2024ರ ಜುಲೈನಲ್ಲಿ ಕೋಲ್ಕತ್ತದಲ್ಲಿ ಅದಕ್ಕೆಂದೇ ರಾಷ್ಟ್ರೀಯ ಕೇಂದ್ರ ಆಯಿತು. ಎಷ್ಟು ಮಳೆ ಬಿದ್ದರೆ ಜರಿಯುತ್ತದೆ ಅನ್ನುವ ಗೆರೆ ಹಾಕಲು ಅವರಿಗೆ ಹಳೆಯ ಮಳೆ ಲೆಕ್ಕ ಬೇಕು. ಯಂತ್ರ ಎಷ್ಟೇ ದೊಡ್ಡದಿದ್ದರೂ ಅಳೆಯದ ಮಳೆ ಅದಕ್ಕೆ ಗೊತ್ತಾಗುವುದಿಲ್ಲ.

ಭಾಗಮಂಡಲ_ಮಳೆ · ಸೋಮವಾರ ಮಧ್ಯಾಹ್ನ

ಹಳೆಯ ಮಳೆ ಲೆಕ್ಕನಾ? ನಮ್ಮ ಮಾವನವರ ಕಾಲದಿಂದ ಮಳೆ ಪುಸ್ತಕ ಇದೆ. ದಿನಾ ಬೆಳಿಗ್ಗೆ ಗೇಜ್ ನೋಡಿ ಬರೆದದ್ದು. ಎಲ್ಲ ಇಂಚು, ಸೆಂಟ್ (ಇಂಚಿನ ನೂರರಲ್ಲಿ ಒಂದು ಭಾಗ) ಲೆಕ್ಕ. ಇಂಥವು ಎಷ್ಟೋ ತೋಟದಲ್ಲಿ ಇರುತ್ತವೆ. ಯಾರಿಗಾದರೂ ಉಪಯೋಗ ಆಗುತ್ತದಾ?

ಸೋಮವಾರಪೇಟೆ_ಸಿಸ್ಟಂ · ಸೋಮವಾರ ಮಧ್ಯಾಹ್ನ

ಅಕ್ಕ, ಅದು ಚಿನ್ನ! ಯುರೋಪಿನವರ ಇಆರ್‌ಎ5 ಅನ್ನುವ ಮರುಲೆಕ್ಕ ಇದೆ. 1940ರಿಂದ ಗಂಟೆಗಂಟೆಯ ಹವಾಮಾನವನ್ನು ಸೂಪರ್ ಕಂಪ್ಯೂಟರ್‌ನಲ್ಲಿ ಮತ್ತೆ ಕಟ್ಟಿದ್ದಾರೆ. ಆದರೆ ಅದರ ಚೌಕ 31 ಕಿ.ಮೀ. ಇಡೀ ಕೊಡಗಿಗೆ ನಾಲ್ಕು ಚೌಕ ಮತ್ತು ಚೂರು. ಭಾಗಮಂಡಲದಲ್ಲಿ ಅವತ್ತು ನಿಜವಾಗಿ ಎಷ್ಟು ಸುರಿಯಿತು ಅಂತ ನಿಮ್ಮ ಪುಸ್ತಕಕ್ಕೇ ಗೊತ್ತಿರುವುದು. ಈಗ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನಾಗಿ ಅಳೆಯುವ ಮಳೆಮಾಪಕ ಇವೆ, ಆದರೆ ಅವು ಇತ್ತೀಚಿನವು.

ಫೋಟೋ ತೆಗೆಯುವಾಗ ಪುಟದ ತಾರೀಕು ಕಾಣಬೇಕು. ಗೇಜ್ ಎಲ್ಲಿತ್ತು, ಜಾಗ ಬದಲಾಯಿಸಿದ್ದರೆ ಯಾವಾಗ, ಮೇಲೆ ಮರದ ನೆರಳು ಬಂತಾ, ಇವನ್ನೂ ಬರೆದಿಡಿ. ಬೆಳಿಗ್ಗೆ ಎಷ್ಟು ಗಂಟೆಗೆ ಅಳೆಯುತ್ತಿದ್ದರು ಅನ್ನುವುದೂ ಮುಖ್ಯ. ಹವಾಮಾನ ಇಲಾಖೆಯ ದಿನ ಶುರುವಾಗುವುದು 8:30ಕ್ಕೆ. ಇಂಚನ್ನು ಮಿ.ಮೀ. ಮಾಡುವುದು ನಮಗೆ ಬಿಡಿ. 4 ಇಂಚು 60 ಸೆಂಟ್ ಅಂದರೆ 117 ಮಿ.ಮೀ.

ಕುಶಾಲನಗರ_ಎಂಜಿನಿಯರಿಂಗ್ · ಸೋಮವಾರ ಸಂಜೆ

ಆಂಟಿ, ಟೈಪ್ ಮಾಡುವ ಕೆಲಸ ನಮ್ಮ ಕ್ಲಾಸ್‌ನವರು ಮಾಡುತ್ತೇವೆ. ಮಿನಿ ಪ್ರಾಜೆಕ್ಟ್‌ಗೆ ವಿಷಯ ಹುಡುಕುತ್ತಲೇ ಇದ್ದೆವು. ಎರಡೆರಡು ಜನ ಒಂದೇ ಪುಟ ಟೈಪ್ ಮಾಡಿ ತಾಳೆ ನೋಡುತ್ತೇವೆ. ಬೇರೆ ತೋಟದವರೂ ಪುಸ್ತಕ ಕೊಡುವುದಾದರೆ ಇಲ್ಲೇ ಹೇಳಿ.

ಮಕ್ಕಂದೂರು_ಪ್ಲಾಂಟರ್ · ಸೋಮವಾರ ರಾತ್ರಿ

ನಮ್ಮ ಮನೆಯ ಪುಸ್ತಕ 2018ರಲ್ಲಿ ಮಣ್ಣಿನ ಜೊತೆ ಹೋಯಿತು. ತಮ್ಮನ ತೋಟ ಮಾದಾಪುರದ ಕಡೆ ಇದೆ, ಅಲ್ಲಿ ಹಳೆಯ ರಿಜಿಸ್ಟರ್ ಇರಬೇಕು. ಗೆದ್ದಲು ಹಿಡಿದಿಲ್ಲದಿದ್ದರೆ ತರಿಸುತ್ತೇನೆ. ಕೆಲವು ವರ್ಷ ಅವನು ಬರೆದೇ ಇಲ್ಲ, ಅದನ್ನು ಈಗಲೇ ಹೇಳಿಬಿಡುತ್ತೇನೆ. ಕುಶಾಲನಗರದ ಹುಡುಗಿ, ಮೆಸೇಜ್ ಹಾಕಮ್ಮ.

ಗೋಣಿಕೊಪ್ಪ_ಗಿರಾಕಿ · ಸೋಮವಾರ ರಾತ್ರಿ

ನನ್ನ ಹತ್ತಿರ ಆನೆ ಬಂದ ದಿನಗಳ ಲೆಕ್ಕ ಇದೆ. ಅದನ್ನೂ ಟೈಪ್ ಮಾಡುತ್ತೀರಾ?